ಐದು ಎಣಿಸುವಷ್ಟು ಹೊತ್ತು

ಜನವರಿ ೧೨

ಮೇಷ್ಟ್ರಿಗೆ,

ಪೊಲೀಸ್ ತರಬೇತಿ ಶಾಲೆಯಲ್ಲಿ ಪಾಠ ಹೇಳಲು ಶುರು ಮಾಡಿದ ಮೇಲೆ ಅಕ್ಕನ ಕಾಗದಕ್ಕೆ ಉತ್ತರ ಬರೆಯುವುದು ನಿನ್ನ ಗತ್ತಿಗೆ ಒಗ್ಗುವುದಿಲ್ಲವೇನೋ. ಫೋನಾದರೂ ಮಾಡಬಾರದೇ ಎಂದು ನಿನ್ನ ಹೆಂಡತಿ ಕೇಳುತ್ತಾಳೆ. ಅವಳಿಗೆ ಹೇಳು: ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕಂಡವರ ದನಿ ಕೇಳಿ ಬಂದವಳಿಗೆ ಮನೆಯಲ್ಲಿ ತಮ್ಮನ ದನಿಯೂ ಬೇಡವಾಗಿರುತ್ತದೆ. ಕಾಗದವಾದರೆ ಸದ್ದು ಮಾಡುವುದಿಲ್ಲ.

ಇವತ್ತು ಬರೆಯಲು ಕಾರಣವಿದೆ. ನಮ್ಮ ಕಾರ್ಡು ಮಾತಾಡಿದ್ದನ್ನು ಕಿವಿಯಾರೆ ಕೇಳಿದೆ.

ಅತ್ತೆ ಏನು ಕೆಲಸ ಮಾಡುತ್ತಾಳೆ ಎಂದು ನಿನ್ನ ಮಗಳು ಹೋದ ಸಲ ಕೇಳಿದ್ದಳಲ್ಲ, ಇದನ್ನು ಅವಳಿಗೆ ಓದಿ ಹೇಳು. ಪೊಲೀಸರು ಎದೆಯ ಮೇಲೆ ಪುಟ್ಟ ಕ್ಯಾಮೆರಾ ಸಿಕ್ಕಿಸಿಕೊಂಡು ಓಡಾಡುತ್ತಾರೆ, ಅವರು ಜನರ ಜೊತೆ ಸರಿಯಾಗಿ ನಡೆದುಕೊಂಡರೋ ಇಲ್ಲವೋ ಎಂದು ಆಮೇಲೆ ನೋಡಬೇಕಲ್ಲ, ಅದಕ್ಕೆ. ಚಿತ್ರ ಇನ್ನೊಂದು ಕಚೇರಿಗೆ ಹೋಗುತ್ತದೆ. ನಮಗೆ ಬರುವುದು ಸದ್ದು ಮಾತ್ರ. ಉದ್ದನೆಯ ಕೋಣೆ, ಹತ್ತೊಂಬತ್ತು ಮೇಜು, ಹತ್ತೊಂಬತ್ತು ಜನ. ಕಾಲ ಕೆಳಗಿನ ಪೆಡಲು ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕೇಳಿದ್ದನ್ನು ಬೆರಳಚ್ಚು ಮಾಡಿ ಹಾಳೆಯ ಕೆಳಗೆ ಸಹಿ ಹಾಕುತ್ತೇವೆ. ನ್ಯಾಯಾಧೀಶರು ಓದುವುದು ಈ ಹಾಳೆಗಳನ್ನೇ. ಚಿತ್ರ ಬೇಕಾದವರು ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಯಾರೂ ಹಾಕುವುದಿಲ್ಲ, ಓದಿದರೆ ಬೇಗ ಮುಗಿಯುತ್ತದೆ.

ಈಗ ವಿಷಯ. ಎರಡು ವರ್ಷದ ಹಿಂದೆ ನೀನು ರಜೆಯಲ್ಲಿ ಬಂದು ನನ್ನ ಅಡುಗೆಮನೆಯ ಮೇಜಿಗೆ ಮೊಣಕೈಯೂರಿ, "ಅಕ್ಕ, ನಮ್ಮವರಿಗೆ ಬೈಯೋದು ಬಿಟ್ರೆ ಬೇರೆ ಮಾತೇ ಬರಲ್ಲ. ಕೈ ಮಾಡೋ ಮುಂಚೆ ಮರ್ಯಾದೆಯಾಗಿ ಹೇಳೋಕೆ ನಾಲ್ಕು ಮಾತು ಬರ್ಕೊಡು" ಅಂದಿದ್ದೆಯಲ್ಲ. ನಾನು ಹನ್ನೊಂದು ಸಲ ಹೊಡೆದು ಹಾಕಿ ಒಂದು ಕಾರ್ಡಿನ ಮೇಲೆ ಬರೆದುಕೊಟ್ಟಿದ್ದು:

"ನಿಮ್ಮನ್ನು ನೋಯಿಸುವುದು ನಮಗೆ ಬೇಕಿಲ್ಲ. ದಯವಿಟ್ಟು ಕೈ ಬಿಡಿ, ಎದುರು ಬೀಳಬೇಡಿ. (ಇಲ್ಲಿ ಐದು ಎಣಿಸುವಷ್ಟು ಹೊತ್ತು ಕಾಯಬೇಕು.) ನೀವು ಸುಮ್ಮನಾದರೆ ನಾವೂ ಸುಮ್ಮನಾಗುತ್ತೇವೆ."

ಕೊನೆಯ ವಾಕ್ಯಕ್ಕೆ ಒಂದು ಲಯವಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ನಡುವಿನ ನಿಲುಗಡೆ ಎದುರಿನವನಿಗೆ. ಅವನು ಕೇಳಿಸಿಕೊಳ್ಳಬೇಕು, ಉಸಿರು ತೆಗೆದುಕೊಳ್ಳಬೇಕು, ಮನಸ್ಸು ಬದಲಿಸಬೇಕು.

ನಿನ್ನೆ ಕಡತ ೪೧೭ರಲ್ಲಿ ಒಬ್ಬ ಕಾನ್‌ಸ್ಟೇಬಲ್ ಈ ಮಾತುಗಳನ್ನು ಹೇಳಿದ. ಅಕ್ಷರ ಬಿಡದೆ ಹೇಳಿದ. ಎಷ್ಟು ಬಿಡದೆ ಎಂದರೆ ಕಂಸದೊಳಗಿನದ್ದನ್ನೂ! "ಇಲ್ಲಿ ಐದು ಎಣಿಸುವಷ್ಟು ಹೊತ್ತು ಕಾಯಬೇಕು" ಎಂದು ಗಂಭೀರವಾಗಿ ಓದಿ, ಕಾಯದೆ ಮುಂದಕ್ಕೆ ಹೋದ. ನಾನು ಗೊಳ್ಳೆಂದು ನಕ್ಕಿದ್ದಕ್ಕೆ ಪಕ್ಕದ ಮೇಜಿನವಳು ತಿರುಗಿ ನೋಡಿದಳು. ಪಾಪ, ಹೊಸಬನಿರಬೇಕು. ನಿನ್ನ ಮಾನ ಹೋಗಬಾರದೆಂದು ಹಾಳೆಯಲ್ಲಿ ಆ ಸಾಲು ತೆಗೆದುಬಿಟ್ಟೆ. ಕೆಮ್ಮು, ತೊದಲು, ಅನಗತ್ಯ ಮಾತು ಬಿಡಬಹುದು ಎಂದು ನಮ್ಮ ನಿಯಮವೇ ಇದೆ.

ಅಕ್ಕ


ಜನವರಿ ೨೭

ಅಕ್ಕನಿಗೆ,

ಕಾಗದ ಓದಿ ಮನೆಯವರೆಲ್ಲ ನಕ್ಕೆವು. ನಿನ್ನ ಸೊಸೆಗೆ ಕಾರ್ಡಿನ ಮಾತು ಬಾಯಿಪಾಠವಾಗಿದೆ. ಗೊಂಬೆಯನ್ನು ಗೋಡೆಗೆ ಆನಿಸಿ ಬೆರಳು ತೋರಿಸಿ, "ನೀವು ಸುಮ್ಮನಾದರೆ ನಾವೂ ಸುಮ್ಮನಾಗುತ್ತೇವೆ" ಅನ್ನುತ್ತಾಳೆ. ಗೊಂಬೆ ಬಹಳ ವಿಧೇಯ.

ಆ ಸಾಲು ತೆಗೆದದ್ದು ಒಳ್ಳೆಯದೇ ಆಯಿತು. ಕಡತದ ಸಂಖ್ಯೆ ಬರೆದದ್ದು ಇನ್ನೂ ಒಳ್ಳೆಯದಾಯಿತು. ಆ ಪುಣ್ಯಾತ್ಮ ಯಾರೆಂದು ವಿಚಾರಿಸಿ ಬುದ್ಧಿ ಹೇಳುತ್ತೇನೆ. ಇನ್ನು ಮೇಲೂ ಹೀಗೇನಾದರೂ ಕಿವಿಗೆ ಬಿದ್ದರೆ ತಿಳಿಸು, ಆದರೆ ಬೇರೆಯವರ ಹತ್ತಿರ ಆಡಬೇಡ. ಸುಮ್ಮನೆ ಅಪಹಾಸ್ಯವಾಗುತ್ತದೆ.

ಈಗ ಏಳು ಠಾಣೆಗಳಲ್ಲಿ ನಮ್ಮ ಕಾರ್ಡು ಕೊಟ್ಟಿದ್ದಾರೆ. ಪ್ಲಾಸ್ಟಿಕ್ ಹೊದಿಸಿ, ಜೇಬಿಗೆ ಸರಿಹೋಗುವ ಹಾಗೆ. ಬರೆದವರ ಹೆಸರು ಇಲ್ಲ, ಬೇಜಾರಾಗಬೇಡ. ಈ ವರ್ಷ ನನಗೆ ಬಡ್ತಿ ಸಿಕ್ಕರೆ ಅರ್ಧ ನಿನ್ನದು.

ತಮ್ಮ


ಮಾರ್ಚ್ ೯

ಮೇಷ್ಟ್ರಿಗೆ,

ಕೆಲವು ದಿನದಿಂದ ಒಂದು ವಿಷಯ ತಲೆಯೊಳಗೆ ಕೂತಿದೆ. ನಿನ್ನನ್ನು ಕೇಳದೆ ಬೇರೆ ಯಾರನ್ನು ಕೇಳಲಿ?

ಜನವರಿಯಿಂದ ಈಚೆಗೆ ಕಾರ್ಡಿನ ಮಾತುಗಳನ್ನು ನಾನೊಬ್ಬಳೇ ಇಪ್ಪತ್ತಮೂರು ಕಡತಗಳಲ್ಲಿ ಕೇಳಿದೆ. ಬೇರೆ ಬೇರೆ ಗಂಟಲು, ಅದೇ ಮೂರು ವಾಕ್ಯ. ಮೊದಮೊದಲು ಸಂತೋಷ. ಆಮೇಲೆ ಒಂದು ದಿನ ಪಕ್ಕದ ಮೇಜಿನವಳು ಅಂದಳು: "ಮೇಡಂ, ನೀವು ಇನ್ನೂ ಪೂರ್ತಿ ಟೈಪ್ ಮಾಡ್ತೀರಾ? ನಾನು ಅದಕ್ಕೊಂದು ಕೀಲಿ ಇಟ್ಕೊಂಡಿದ್ದೀನಿ. ಒಂದ್ಸಲ ಒತ್ತಿದ್ರೆ ಮೂರೂ ಬೀಳುತ್ತೆ." ಕೋಣೆಯಲ್ಲಿ ವಿಚಾರಿಸಿದರೆ ಒಂಬತ್ತು ಜನ ಹಾಗೆ ಕೀಲಿ ಮಾಡಿಕೊಂಡಿದ್ದಾರೆ.

ಅವತ್ತಿನಿಂದ ಮಾತು ಬಿಟ್ಟು ಮಾತಿನ ಸುತ್ತಲಿನದನ್ನು ಕೇಳತೊಡಗಿದೆ. ಎದುರು ಬೀಳುವ ಮನುಷ್ಯನ ಬಟ್ಟೆ ಸದ್ದು ಮಾಡುತ್ತದೆ ತಮ್ಮ. ಚಪ್ಪಲಿ ನೆಲಕ್ಕೆ ತೀಡುತ್ತದೆ, ಅವನನ್ನು ಹಿಡಿದವನು ಏದುಸಿರು ಬಿಡುತ್ತಾನೆ. "ದಯವಿಟ್ಟು ಕೈ ಬಿಡಿ" ಎನ್ನುವಾಗ ಇದ್ಯಾವುದೂ ಇರುವುದಿಲ್ಲ. ಎಲ್ಲ ಗದ್ದಲ ಅದಕ್ಕೆ ಮೊದಲೇ ಮುಗಿದಿರುತ್ತದೆ. ಆ ಮಾತು ಬರುವಾಗ ಒಬ್ಬರ ಮೂಗಿನ ಉಸಿರು ಮಾತ್ರ ಕೇಳಿಸುತ್ತದೆ, ಬಹಳ ಕೆಳಗಿನಿಂದ.

೪೧೭ ಮತ್ತೆ ತೆಗೆದು ಕೇಳಿದೆ. ವಾಹನದ ಬಾಗಿಲು. ಯಾರೋ ಬಿದ್ದದ್ದು. ಒಣ ಕಡ್ಡಿ ಮುರಿದಂಥ ಸದ್ದು, ಎರಡು ಸಲ. ಆಮೇಲೆ ಹಲ್ಲಿರುವ ಪ್ಲಾಸ್ಟಿಕ್ ಪಟ್ಟಿ ಎಳೆದು ಬಿಗಿದ ಸದ್ದು. ನಮ್ಮಲ್ಲಿ ಕಡತದ ಕಟ್ಟುಗಳಿಗೆ ಅದನ್ನೇ ಬಿಗಿಯುತ್ತೇವೆ, ಅದು ನನ್ನ ಕಿವಿಗೆ ತಪ್ಪುವುದಿಲ್ಲ. ಆಮೇಲೆ ಒಂಬತ್ತು ಸೆಕೆಂಡು ಏನೂ ಇಲ್ಲ. ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ನನ್ನ ವಾಕ್ಯಗಳು.

ಕೈ ಕಟ್ಟಿ ಹಾಕಿದ ಮೇಲೆ "ಕೈ ಬಿಡಿ" ಎಂದು ಯಾರಿಗೆ ಹೇಳುತ್ತಿದ್ದಾರೆ?

ನನಗೆ ತಿಳಿಯದ ಕಾರಣ ಏನಾದರೂ ಇರಬಹುದು. ನೀನು ಆ ಕೆಲಸದಲ್ಲಿರುವವನು. ನಿನ್ನ ಉತ್ತರ ಬರುವವರೆಗೆ ಮೇಲಿನವರ ಹತ್ತಿರ ಬಾಯಿ ಬಿಡುವುದಿಲ್ಲ. ಬೇಗ ಬರೆ.

ಅಕ್ಕ


ಮಾರ್ಚ್ ೨೧

ಅಕ್ಕನಿಗೆ,

ತಡವಾಯಿತು, ಪರೀಕ್ಷೆಗಳ ಗಡಿಬಿಡಿ.

ನೀನು ಕವಿತೆ ಓದಿ ಓದಿ ಈಗ ಸದ್ದಿಗೂ ಅರ್ಥ ಹಚ್ಚುತ್ತೀಯ. ರಸ್ತೆಯ ಕೆಲಸ ಹಾಳೆಯ ಮೇಲಿನ ಕೆಲಸದಷ್ಟು ಸಾಲಾಗಿ ನಡೆಯುವುದಿಲ್ಲ. ಎದೆಯ ಮೇಲೆ ಕ್ಯಾಮೆರಾ ಬಂದ ಮೇಲೆ ನಮ್ಮವರು ಬೆವರು ಒರೆಸಿಕೊಂಡರೂ ತಪ್ಪು ಹುಡುಕುವವರಿದ್ದಾರೆ. ಕೈಯಲ್ಲಿ ಕಳ್ಳನನ್ನು ಹಿಡಿದುಕೊಂಡು ಬಾಯಲ್ಲಿ ಸಭ್ಯತೆ ಒಪ್ಪಿಸು ಅಂದರೆ ಎಲ್ಲಿಂದ ಬರಬೇಕು? ಮೊದಲು ಕೆಲಸ, ಆಮೇಲೆ ಮಾತು. ಹೇಳಬೇಕಾದ್ದನ್ನು ಹೇಳಿದ್ದಾರಾ, ಹಾಳೆಯಲ್ಲಿ ಬಂದಿದೆಯಾ, ಅಷ್ಟೇ ನೋಡುತ್ತಾರೆ. ಮುಂಚೆಯೋ ಆಮೇಲೋ ಹಾಳೆಯಲ್ಲಿ ಕಾಣುವುದಿಲ್ಲ. ನಾನು ತರಗತಿಯಲ್ಲೂ ಇದನ್ನೇ ಹೇಳುತ್ತೇನೆ.

ನಿನ್ನ ೪೧೭ರ ಚಿತ್ರ ತರಿಸಿದೆ. ನೀನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆ ಮಹಾಶಯ ಕಾರ್ಡನ್ನು ಎದೆಯ ಮುಂದೆ ಹಿಡಿದುಕೊಂಡು, ಹೆಬ್ಬೆರಳನ್ನು ಸಾಲಿನ ಕೆಳಗಿಟ್ಟು, ಒಂದನೇ ತರಗತಿಯವರ ಹಾಗೆ ಓದುತ್ತಾನೆ. ಕಾರ್ಡು, ಹೆಬ್ಬೆರಳು, ಉಗುರಿನ ಕೊಳೆ, ಎಲ್ಲ ಚಿತ್ರದಲ್ಲಿ ಬಂದಿದೆ. ಇನ್ನೊಬ್ಬ ಆ ಮನುಷ್ಯನ ಬೆನ್ನಿನ ಮೇಲೆ ಮಂಡಿಯೂರಿದ್ದವನು ಕತ್ತೆತ್ತಿ, ಬೇಗ ಮುಗಿಸು ಎಂದು ಕೈಗಡಿಯಾರ ತಟ್ಟಿ ತೋರಿಸುತ್ತಾನೆ. ಹೊಸಬರಿಗೆ ತೋರಿಸಿದಾಗ ತರಗತಿಗೆ ತರಗತಿಯೇ ನಕ್ಕಿತು. ಕಂಸದಲ್ಲಿರುವುದನ್ನು ಬಾಯಲ್ಲಿ ಓದಬಾರದು, ಮನಸ್ಸಿನಲ್ಲಿ ಓದಿಕೊಳ್ಳಿ ಎಂದು ಹೇಳಿಕೊಟ್ಟೆ.

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೆಲಸ ಹೆಚ್ಚಾಗಿದ್ದರೆ ನಾಲ್ಕು ದಿನ ಇಲ್ಲಿಗೆ ಬಾ.

ತಮ್ಮ


ಏಪ್ರಿಲ್ ೪

ತಮ್ಮ,

ನಿನ್ನ ಕಾಗದ ಓದಿ ಹೋಗಿ ಬಾಯಿ ತೊಳೆದುಕೊಂಡೆ. ಊಟ ಮಾಡಿರಲಿಲ್ಲ, ಆದರೂ ಬಾಯಲ್ಲಿ ಏನೋ ಕೊಳೆತ ಹಾಗಿತ್ತು. ಆ ಉಗುರಿನ ಕೊಳೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡುವುದು ನೀನು ಅದನ್ನು ತಮಾಷೆಯೆಂದು ಬರೆದದ್ದು.

ನಾನು ನಗುತ್ತಿದ್ದೆನಂತೆ. ನೀನು ಹಾಗೆ ತಿಳಿಯಲು ನಾನೇ ಕಾರಣ. ಜನವರಿಯಲ್ಲಿ ನಕ್ಕಿದ್ದೆನಲ್ಲ.

ನಿನ್ನ ಕಾಗದ ನನಗೆ ತಲುಪಿದ್ದು ಮಾರ್ಚ್ ಇಪ್ಪತ್ತೊಂಬತ್ತಕ್ಕೆ. ಮರುದಿನ ಮೇಲ್ವಿಚಾರಕರ ಮೇಜಿನ ಮುಂದೆ ನಿಂತು ೪೧೭ರ ಹಾಳೆಯಲ್ಲಿ ಒಂದು ಸಾಲು ಬಿಟ್ಟಿದ್ದೇನೆ, ಸೇರಿಸಬೇಕು ಅಂದೆ. ಅವರು ಪರದೆ ನೋಡಿದರು. "ಆ ಧ್ವನಿ ಇಪ್ಪತ್ತೆಂಟಕ್ಕೇ ಅಳಿಸಿ ಹೋಗಿದೆಯಲ್ಲಮ್ಮ, ರೆಕಾರ್ಡ್ ಆಗಿ ತೊಂಬತ್ತು ದಿನ ಆಯ್ತು. ಇನ್ನು ನೀವು ಬರೆದದ್ದೇ ದಾಖಲೆ" ಅಂದರು. ಚಿತ್ರಕ್ಕೂ ಅದೇ ನಿಯಮ. ಆ ಮನುಷ್ಯನ ವಕೀಲೆ ಚಿತ್ರ ಬೇಕೆಂದು ಅರ್ಜಿ ಹಾಕಿದ್ದಳು. ಅದಕ್ಕೆ ಒಪ್ಪಿಗೆ ಬಂದದ್ದು ತೊಂಬತ್ತನಾಲ್ಕನೆಯ ದಿನ. ಒಪ್ಪಿಗೆ ಇದೆ, ಚಿತ್ರ ಇಲ್ಲ. ನಾನು ನಿನ್ನ ಉತ್ತರಕ್ಕೆ ಕಾಯುತ್ತ ಇಪ್ಪತ್ತು ದಿನ ಕಳೆದೆ.

ಆ ಮನುಷ್ಯ ಯಾರೆಂದು ನೀನು ಕೇಳಲಿಲ್ಲ. ಹಾಳೆಗಳಿಗೆ ದೃಢೀಕರಣ ಬೇಕೆಂದು ಆ ವಕೀಲೆ ನಮ್ಮ ಕಚೇರಿಗೆ ಬಂದಾಗ ನಾನೇ ಕೇಳಿ ತಿಳಿದೆ. ಕನ್ನಡಕದ ಅಂಗಡಿಯವನು. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಒಂದು ಪುಟ್ಟ ಪೆಟ್ಟಿಗೆ ಹಿಡಿದುಕೊಂಡು ಹೋಗುತ್ತಿದ್ದಾಗ ತೆರೆದು ತೋರಿಸು ಅಂದರು. ಅಂಟು ಹಸಿಯಾಗಿದೆ, ಧೂಳು ಕೂರುತ್ತದೆ, ನಿಧಾನ ಸಾರ್ ಅಂದನಂತೆ. ಬಲಗೈಯ ಎರಡು ಬೆರಳು ಮುರಿದಿವೆ. ಪೊಲೀಸರ ಮೇಲೆ ಕೈ ಮಾಡಿದ ಎಂದು ಮೊಕದ್ದಮೆ. ಸಾಬೀತಾದರೆ ಮೂರು ವರ್ಷ. ಈಗಲೂ ಒಳಗೇ ಇದ್ದಾನೆ. ಅವನು ಎದುರು ಬಿದ್ದ ಎನ್ನುವುದಕ್ಕೆ ಇರುವ ಸಾಕ್ಷಿ ನನ್ನ ಹಾಳೆ. "ದಯವಿಟ್ಟು ಕೈ ಬಿಡಿ, ಎದುರು ಬೀಳಬೇಡಿ." ಬೀಳದವನಿಗೆ ಹಾಗೆ ಯಾಕೆ ಹೇಳುತ್ತಾರೆ ಎಂದು ಓದಿದವರು ಅಂದುಕೊಳ್ಳುತ್ತಾರೆ. ಕಂಸದ ಸಾಲು ಇದ್ದಿದ್ದರೆ ಇದು ಓದಿ ಹೇಳಿದ ಮಾತು ಎಂದು ಎಂಥವರಿಗೂ ತಿಳಿಯುತ್ತಿತ್ತು. ಅದನ್ನು ನಾನು ನಿನ್ನ ಮಾನಕ್ಕಾಗಿ ತೆಗೆದೆ.

ಇನ್ನೊಂದು ನೋಡಿದೆ. ಅವನ ಮಾತು ಬರುವ ಕಡೆಯೆಲ್ಲ "ಅಸ್ಪಷ್ಟ" ಎಂದು ಬರೆದಿದ್ದೇನೆ, ನಾಲ್ಕು ಸಲ. ನಿಮ್ಮವನ ಮಾತು ಒಂದು ಅಕ್ಷರ ತಪ್ಪಬಾರದೆಂದು ಪೆಡಲು ಹತ್ತು ಸಲ ಒತ್ತಿದ್ದೆ.

ಜೂನ್ ಹನ್ನೊಂದಕ್ಕೆ ವಿಚಾರಣೆ. ನಾನು ಹೋಗಿ ಹೇಳುತ್ತೇನೆ. ನನಗೆ ಮೂರು ವಸ್ತು ಬೇಕು: ನಾನು ಬರೆದ ಮೂಲ ಕಾರ್ಡು, ಜನವರಿ ಹನ್ನೆರಡರ ನನ್ನ ಕಾಗದ, ನೀನು ತರಗತಿಯಲ್ಲಿ ತೋರಿಸುವ ಆ ಚಿತ್ರ. ರಿಜಿಸ್ಟರ್ ಅಂಚೆಯಲ್ಲಿ ಕಳಿಸು.

ಅಕ್ಕ


ಏಪ್ರಿಲ್ ೧೬

ಅಕ್ಕ,

ನಿನ್ನ ಕಾಗದವನ್ನು ಹೆಂಡತಿಗೆ ತೋರಿಸಲಿಲ್ಲ. ಬಚ್ಚಲಮನೆಯಲ್ಲಿ ನಿಂತು ಓದಿದೆ.

ನೀನು ಹೇಳುವುದರಿಂದ ಏನಾಗುತ್ತದೆ ಎಂದು ಯೋಚಿಸಿದ್ದೀಯಾ? ದಾಖಲೆ ತಿದ್ದಿದವಳು ನೀನು. ಮೊದಲು ನಿನ್ನ ಕೆಲಸ ಹೋಗುತ್ತದೆ, ಆಮೇಲೆ ನಿನ್ನ ಮೇಲೆಯೇ ಮೊಕದ್ದಮೆ. ಕಾರ್ಡು ಎಲ್ಲಿಂದ ಬಂತು ಎಂದು ಹುಡುಕುತ್ತ ಬಂದರೆ ಅಲ್ಲಿಗೂ ನೀನೇ. ಮೂಲ ಕಾರ್ಡು ನನ್ನ ಕಪಾಟಿನಲ್ಲೇ ಇದೆ. ನಿನ್ನ ಕೈಬರಹ, ನಿನ್ನ ಹಸಿರು ಶಾಯಿ. ನೋಡಿದವರಿಗೆ ಎರಡು ಮಾತಿಲ್ಲದೆ ಗೊತ್ತಾಗುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊ.

ಒಬ್ಬ ಗೊತ್ತಿಲ್ಲದವನಿಗಾಗಿ ಮನೆಯವರನ್ನೆಲ್ಲ ಬೀದಿಗೆ ತರಬೇಡ.

ತಮ್ಮ


ಏಪ್ರಿಲ್ ೨೩

ಹೆದರಿಸುತ್ತಿದ್ದೀಯಾ? ನನ್ನನ್ನು?

ನಿನಗೆ ಅಕ್ಷರ ತಿದ್ದಿಸಿದ ಕೈಯ ಬರಹ ಅದು. ಅದನ್ನು ಕಪಾಟಿನಲ್ಲಿಟ್ಟುಕೊಂಡು, ನೆನಪಿನಲ್ಲಿಟ್ಟುಕೊ ಎಂದು ಬರೆಯುತ್ತೀಯ. ನಿಮ್ಮ ಶಾಲೆಯಲ್ಲಿ ಇದನ್ನೂ ಹೇಳಿಕೊಡುತ್ತಾರೇನು, ಬಾಯಲ್ಲಿ ಕಾಳಜಿ, ಬೆನ್ನಿನ ಮೇಲೆ ಮಂಡಿ?

ಕೆಲಸ ಹೋಗಲಿ. ಮೊಕದ್ದಮೆ ಹಾಕಲಿ. ನಾನು ಕೇಳಿದ ಮೂರೂ ವಸ್ತು ಮೇ ಹತ್ತರೊಳಗೆ ನನ್ನ ಕೈಯಲ್ಲಿರಬೇಕು. ಕೊಡದಿದ್ದರೆ ಇನ್ನೊಮ್ಮೆ ನನಗೆ ಕಾಗದ ಬರೆಯಬೇಡ. ಕ್ಯಾಮೆರಾ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವೆಲ್ಲ ಎಷ್ಟು ನಂಬಿದ್ದೆವು. ಅದರ ಕಣ್ಣಿಗೆ ಮಣ್ಣೆರಚಲು ನನ್ನ ಭಾಷೆಯೇ ಬೇಕಾಗಿತ್ತಲ್ಲ ನಿಮಗೆ.


ಮೇ ೨

ಅಕ್ಕ,

ನಾನು ಹೆದರಿಸಲಿಲ್ಲ. ಹೆದರಿದ್ದೆ. ನಿನ್ನ ಕೈಬರಹ ಯಾರ ಕೈಗಾದರೂ ಸಿಕ್ಕಿದರೆ ಏನು ಗತಿ ಎಂದು ಹದಿನೈದು ದಿನದಿಂದ ಊಟ ಸೇರಿಲ್ಲ.

ಇನ್ನು ಆ ಚಿಂತೆ ಬೇಡ. ಭಾನುವಾರ ಹಿತ್ತಲಿನಲ್ಲಿ ಒಣ ಎಲೆಗಳ ಜೊತೆ ಮೂಲ ಕಾರ್ಡನ್ನೂ ನಿನ್ನ ಕಾಗದಗಳನ್ನೂ ಸುಟ್ಟೆ. ಜನವರಿಯದು ಒಂದೇ ಅಲ್ಲ, ಎಲ್ಲವನ್ನೂ. ತರಗತಿಯ ಆ ಚಿತ್ರವನ್ನೂ ಅಳಿಸಿದೆ. ಈಗ ನಿನ್ನನ್ನು ಯಾರೂ ಮುಟ್ಟಲು ಆಗುವುದಿಲ್ಲ.

ಕೋಪ ಇಳಿದ ಮೇಲೆ ಬರೆ.

ತಮ್ಮ


ಜೂನ್ ೧೪

ತಮ್ಮ,

ಮೇ ತಿಂಗಳಿಡೀ ನಿನಗೆ ಬರೆಯಲು ಕೂತು ಎದ್ದಿದ್ದೇನೆ. ನೀನು ಪ್ರೀತಿಯಿಂದ ಮಾಡಿದ್ದೀಯ ಎಂದು ಗೊತ್ತು. ದ್ವೇಷದಿಂದ ಮಾಡಿದ್ದರೆ ಬೈದು ಹಗುರವಾಗುತ್ತಿದ್ದೆ.

ಮೊನ್ನೆ ಹನ್ನೊಂದಕ್ಕೆ ಹೋದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನನಗೆ ಬರುವ ಕೆಲಸ ಅದೊಂದೇ.

ಕಡಿಮೆ ಎತ್ತರದ ಚಾವಣಿಯ ಕೋಣೆ. ಸಾಕ್ಷಿಯ ಕಟಕಟೆಯ ಅಂಚು ಜನ ಹಿಡಿದು ಹಿಡಿದು ಬಣ್ಣ ಹೋಗಿದೆ. ನಾನು ಸಾಲು ತೆಗೆದದ್ದನ್ನು ಹೇಳಿದೆ. ಪಟ್ಟಿ ಬಿಗಿದ ಸದ್ದು ಮೊದಲು, ಮಾತು ಆಮೇಲೆ ಎಂದು ಹೇಳಿದೆ. ಪೊಲೀಸರ ಕಡೆಯ ವಕೀಲರು ಎದ್ದರು. ಕೋಪವಿಲ್ಲದ, ಮೆತ್ತಗಿನ ಮನುಷ್ಯ.

"ಅನಗತ್ಯ ಮಾತು ಬಿಡಬಹುದು ಅಂತ ನಿಮ್ಮ ನಿಯಮ ಇದೆಯಲ್ಲಮ್ಮ?"

"ಇದೆ."

"ಮತ್ತೆ ನಿಯಮದ ಪ್ರಕಾರವೇ ಬಿಟ್ಟಿದ್ದೀರಿ. ತಪ್ಪೇನು ಬಂತು?"

"ಅದು ಅನಗತ್ಯ ಆಗಿರಲಿಲ್ಲ."

"ಅದು ಹೊಳೆಯೋಕೆ ಇಷ್ಟು ತಿಂಗಳು ಬೇಕಾಯ್ತು."

"ಬೇಕಾಯ್ತು."

"ಕವಿತೆ ಬಹಳ ಓದ್ತೀರಂತೆ. ಇಲ್ಲದ ದನಿ ಕೇಳಿಸೋದು ಆ ಕಡೆಯವರಿಗೆ ವಾಡಿಕೆ ಇರಬಹುದು."

ಹಿಂದಿನ ಬೆಂಚಿನಲ್ಲಿ ಸಮವಸ್ತ್ರದವರು ನಕ್ಕರು. ಅಂಥ ಕಾರ್ಡು ಯಾವ ಠಾಣೆಯಲ್ಲೂ ಇಲ್ಲ, ಇರಲೂ ಇಲ್ಲ ಎಂದು ಇಲಾಖೆಯ ಪತ್ರ ಓದಿದರು. ಏಳು ಠಾಣೆಗಳಿಂದಲೂ ಹಿಂದಕ್ಕೆ ತರಿಸಿಕೊಂಡಿರಬೇಕು. ನೀನೇ ತರಿಸಿದೆಯೋ?

ನ್ಯಾಯಾಧೀಶೆ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಕಾರ್ಡು ನೀವೇ ಬರೆದಿದ್ದು ಅಂತೀರಿ. ಅದು ಎಲ್ಲಿದೆ?"

"ಸುಟ್ಟುಹೋಯ್ತು."

"ಯಾರು ಸುಟ್ಟರು? ಯಾರಿಗೆ ಬರೆದುಕೊಟ್ಟಿದ್ದಿರಿ?"

ನಿನ್ನ ಮಾರ್ಚ್ ಕಾಗದ ನನ್ನ ಚೀಲದಲ್ಲಿತ್ತು ತಮ್ಮ. ಹೆಬ್ಬೆರಳು, ಕೈಗಡಿಯಾರ, ಮೊದಲು ಕೆಲಸ ಆಮೇಲೆ ಮಾತು, ಎಲ್ಲ ನಿನ್ನ ದುಂಡು ಅಕ್ಷರದಲ್ಲಿ. ಮೇ ತಿಂಗಳದ್ದೂ ಇತ್ತು. ಚೀಲದ ಬಾಯ ಮೇಲೆ ಕೈ ಇಟ್ಟುಕೊಂಡಿದ್ದೆ.

"ಗೊತ್ತಿಲ್ಲ" ಅಂದೆ.

ಸುಳ್ಳು ಹೇಳಲು ಇಷ್ಟು ಕಡಿಮೆ ಹೊತ್ತು ಸಾಕು ಎಂದು ನನಗೆ ತಿಳಿದಿರಲಿಲ್ಲ.

ಅವರು ಅದನ್ನು ಬರೆದುಕೊಂಡರು. ಜುಲೈ ಇಪ್ಪತ್ತೆರಡರವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ ಕಾರ್ಡು ಇತ್ತು ಎನ್ನುವುದಕ್ಕೆ ಏನಾದರೂ ಸಿಗದಿದ್ದರೆ ಹಾಳೆಯಲ್ಲಿ ಇದ್ದದ್ದನ್ನೇ ಓದಿ ತೀರ್ಪು ಕೊಡುತ್ತಾರೆ.

ಹೊರಗೆ ಓಣಿಯಲ್ಲಿ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಐವತ್ತರ ಹತ್ತಿರ, ಸಣ್ಣ ಆಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ, ಬೇರೆ ಯಾರದೋ ವಸ್ತುವನ್ನು ಹಿಡಿದ ಹಾಗೆ. ನಾನು ಅಡ್ಡ ನಿಂತೆ. ಕ್ಷಮೆ ಕೇಳಬೇಕೆಂದಿದ್ದೆ, ಬಾಯಿಗೆ ಬಂದದ್ದೇ ಬೇರೆ. "ಅವತ್ತು ನೀವು ನಾಲ್ಕು ಸಲ ಏನೋ ಹೇಳಿದಿರಿ. ನಾನು ಅಸ್ಪಷ್ಟ ಅಂತ ಬರೆದೆ. ಏನು ಹೇಳಿದಿರಿ?"

ಅವನು ಬಹಳ ಹೊತ್ತು ಯೋಚಿಸಲಿಲ್ಲ. "ಕನ್ನಡಕ ಅಂದೆ ಮೇಡಂ. ತುಳೀಬೇಡಿ ಸಾರ್, ನಂದಲ್ಲ, ಗಿರಾಕಿದು ಅಂದೆ. ಒಬ್ಬರು ಟೀಚರಮ್ಮಂದು. ಎರಡು ವಾರದಿಂದ ಕಾಯ್ತಿದ್ರು ಪಾಪ."

ಪೊಲೀಸಿನವನು ಅವನ ತೋಳು ಎಳೆದ. ಹೋಗುತ್ತ ಹೋಗುತ್ತ ನನ್ನ ಮುಖ ನೋಡಿ, "ನಿಮ್ಮ ಕನ್ನಡಕದ ಎಡಗಡೆ ಕಡ್ಡಿ ಸಡಿಲ ಆಗಿದೆ, ಯಾರ ಹತ್ರನಾದ್ರೂ ಬಿಗಿ ಮಾಡಿಸ್ಕೊಳ್ಳಿ" ಅಂದ.

ಕಚೇರಿಯಿಂದ ನನ್ನನ್ನು ಅಮಾನತು ಮಾಡಿದ್ದಾರೆ. ಮನೆಯಲ್ಲಿದ್ದೇನೆ. ಪುಸ್ತಕ ತೆರೆದರೆ ಎರಡು ಸಾಲು ಓದಲು ಆಗುತ್ತಿಲ್ಲ. ಚೆನ್ನಾಗಿ ಬರೆದ ವಾಕ್ಯ ಕಂಡರೆ, ಇದನ್ನು ಯಾರು ಎಲ್ಲಿ ನಿಂತು ಓದಿಯಾರು ಎಂದು ಅನುಮಾನ ಬರುತ್ತದೆ.

ಇದನ್ನೆಲ್ಲ ನಿನಗೆ ಯಾಕೆ ಬರೆದೆ ಎಂದರೆ, ನೀನೇ ಬಂದು ಹೇಳಬಹುದು. ನಾನು ಕಾಗದ ತೆಗೆಯುವುದಕ್ಕಿಂತ ಅದು ಮೇಲು. ಇನ್ನೂ ಐದು ವಾರ ಇದೆ.

ಅಕ್ಕ


ಜುಲೈ ೧

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ನಾನೂ ನಿನ್ನ ನಾದಿನಿಯೂ ಅತ್ತೆವು. ಕಟಕಟೆಯಲ್ಲಿ ನಿಂತು "ಗೊತ್ತಿಲ್ಲ" ಅಂದೆಯಲ್ಲ, ಅದನ್ನು ಸಾಯುವವರೆಗೆ ಮರೆಯುವುದಿಲ್ಲ. ಎಷ್ಟಾದರೂ ಒಡಹುಟ್ಟಿದವಳು. ಬಂದು ಹೇಳು ಎಂದು ಬರೆದಿದ್ದೀಯ. ಅದು ನಿನ್ನ ಮನಸ್ಸು ಸರಿಯಿಲ್ಲದಾಗ ಬರೆದದ್ದು ಎಂದು ತಿಳಿದುಕೊಂಡಿದ್ದೇನೆ. ಆ ಮನುಷ್ಯನ ಬಗ್ಗೆ ನನಗೂ ಮರುಕವಿದೆ. ಒಳ್ಳೆಯ ನಡತೆ ಇದ್ದರೆ ಎರಡು ವರ್ಷಕ್ಕೇ ಬಿಡುತ್ತಾರೆ.

ಒಂದು ಸಂತೋಷದ ಸುದ್ದಿ. ಬಡ್ತಿಯಾಯಿತು. ಎಲ್ಲ ಠಾಣೆಗಳಿಗೂ ಹೊಸ ಕಾರ್ಡು ಮಾಡುವ ಜವಾಬ್ದಾರಿಯನ್ನು ನನಗೇ ಕೊಟ್ಟಿದ್ದಾರೆ. ಮೊದಲಿನ ಗಡಿಬಿಡಿ ಆಗಬಾರದೆಂದು ಕಂಸ ತೆಗೆದಿದ್ದೇವೆ, ಎಣಿಸುವ ಮಾತೇ ಬೇಡ ಎಂದರು ಮೇಲಿನವರು. ಕೊನೆಯ ವಾಕ್ಯ ನಿನ್ನದೇ ಉಳಿದಿದೆ. ಎಲ್ಲರ ಬಾಯಿಗೂ ಹತ್ತಿದೆ, ಬದಲಿಸುವುದು ಬೇಡ ಅಂದರು. ಎರಡನೆಯದನ್ನು ನಾನು ಬರೆದೆ, ಸ್ವಲ್ಪ ಒರಟಾಗಿದೆ. ಶಾಲೆಯ ಹೆಸರಿರುವ ಹಾಳೆಯಲ್ಲಿ ಕರಡು ಬರೆದು ಇದರ ಜೊತೆ ಇಟ್ಟಿದ್ದೇನೆ. ಹೇಗೂ ಮನೆಯಲ್ಲೇ ಇದ್ದೀಯ, ಒಮ್ಮೆ ಕಣ್ಣಾಡಿಸಿ ಭಾಷೆ ತಿದ್ದಿಕೊಡು. ನಿನ್ನ ಹಾಗೆ ಬರೆಯುವವರು ಇಲ್ಲಿ ಯಾರೂ ಇಲ್ಲ. ನಿನಗೂ ಮನಸ್ಸು ಬೇರೆ ಕಡೆ ಹೊರಳುತ್ತದೆ.

ಈ ಸಲ ಬೇರೆಯವರಿಂದ ನಕಲು ಮಾಡಿಸುತ್ತೇನೆ, ನಿನ್ನ ಕೈಬರಹ ಎಲ್ಲೂ ಬರುವುದಿಲ್ಲ.

ನಿನ್ನ ತಮ್ಮ


ಜುಲೈ ೯

ತಮ್ಮ,

ಕರಡು ಓದಿದೆ. ತಿದ್ದುವಂಥದ್ದು ಏನೂ ಇಲ್ಲ. ನಿನ್ನೆ ಬೆಳಗ್ಗೆ ಹೋಗಿ ಅದನ್ನು ಹಾಗೆಯೇ ನ್ಯಾಯಾಲಯಕ್ಕೆ ಕೊಟ್ಟೆ. ಅದರ ಜೊತೆಗೆ ಬಂದ ನಿನ್ನ ಕಾಗದ, ಮಾರ್ಚಿನದು, ಮೇ ತಿಂಗಳದ್ದು, ಎಲ್ಲ ಕೊಟ್ಟೆ. ಅವತ್ತು "ಗೊತ್ತಿಲ್ಲ" ಅಂದದ್ದು ಸುಳ್ಳು ಎಂದೂ ಬರೆದು ಸಹಿ ಮಾಡಿದೆ. ಅದಕ್ಕೆ ನನಗೆ ಏನು ಶಿಕ್ಷೆ ಎಂದು ಆಮೇಲೆ ಹೇಳುತ್ತಾರಂತೆ.

ಕಿಟಕಿಯಲ್ಲಿ ಕೂತ ಗುಮಾಸ್ತೆ ರಸೀತಿ ಬರೆಯುತ್ತ, "ಈ ಕಾಗದ ಬರೆದವರು ನಿಮಗೆ ಏನಾಗಬೇಕು?" ಎಂದು ಕೇಳಿದಳು.

"ತಮ್ಮ."

ಅವಳು ಪೆನ್ನು ಎತ್ತಿ ನನ್ನನ್ನು ನೋಡಿದಳು. "ಅದನ್ನೂ ಬರೀಲಾ?"

"ಬರೀರಿ" ಅಂದೆ.

ಇಪ್ಪತ್ತೆರಡಕ್ಕೆ ಹಾಜರಾಗಲು ನಿನಗೆ ನ್ಯಾಯಾಲಯದಿಂದ ಕರೆ ಬರುತ್ತದೆ. ಬೆಳಗ್ಗೆ ಹತ್ತಕ್ಕೆ ಶುರು, ಹಿಂದಿನ ದಿನವೇ ಬರಬೇಕಾಗುತ್ತದೆ. ಹೋಟೆಲಿನಲ್ಲಿ ಇಳಿಯಬೇಡ, ಮನೆಗೆ ಬಾ. ಹಾಸಿಗೆ ಹಾಸಿರುತ್ತೇನೆ, ಊಟ ಮಾಡಿ ಇಟ್ಟಿರುತ್ತೇನೆ. ಬಡಿಸಿಕೊಂಡು ಉಣ್ಣು. ನನ್ನನ್ನು ಮಾತಾಡಿಸಬೇಡ.

ಅಕ್ಕ